ದೊಡ್ಡ ಸ್ವಾಮಿಯವರು

ನಮ್ಮ ಮೇಲೂರಿನ ಧರ್ಮಕೇಂದ್ರವು ನೂರು ವರುಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ, ಈ ನಾಡಿನಲ್ಲಿ ನಮಗಿಂತ ಬಹು ಹಿಂದೆ ದುಡಿದು ಹೋದ ಒಬ್ಬ ಗುರುಗಳನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಅವರು ನಮ್ಮೂರಿಗೆ ಬಂದಿದ್ದರೆಂದು ನಾವು ಹೇಳಹೊರಟಿಲ್ಲ. ಅವರ ಕಾರ್ಯಕ್ಷೇತ್ರ ಶ್ರೀರಂಗಪಟ್ಟಣದ ಸೀಮೆ ಮತ್ತು ಹಾಸನದ ಕಡೆಯ ಸಾತಳ್ಳಿ. ಆದರೂ ಹಳೆಯ ಮೈಸೂರು ಸೀಮೆಯ ಕಥೋಲಿಕರೆಲ್ಲರಿಗೂ ಅವರು ಹಿರಿಯರೇ. ಪುಸ್ತಕಗಳಲ್ಲಿ ಅವರ ಹೆಸರು ಅಬ್ಬೆ ದ್ಯುಬುವಾ. ಜನರ ಬಾಯಲ್ಲಿ ದೊಡ್ಡ ಸ್ವಾಮಿಯವರು.

ಅಬ್ಬೆ ಎಂಬುದು ಫ್ರೆಂಚರು ಗುರುಗಳನ್ನು ಗೌರವದಿಂದ ಕರೆಯುವ ಪದ. ತಂದೆ ಎಂಬ ಅರ್ಥದ ಮೂಲದಿಂದ ಬಂದದ್ದು. ನಮ್ಮ ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಈ ಆಕಸ್ಮಿಕ ನಮಗೆ ಯಾವಾಗಲೂ ಸಂತೋಷ ಕೊಡುತ್ತದೆ.

ಜಾನ್ ಆಂತ್ವಾನ್ ದ್ಯುಬುವಾ 1765ರ ಸುಮಾರಿನಲ್ಲಿ ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತದ ಸಾನ್ ರೆಮೇಜ್ ಎಂಬ ಗ್ರಾಮದಲ್ಲಿ ಜನಿಸಿದರು. 1792ರಲ್ಲಿ ಗುರುದೀಕ್ಷೆ ಪಡೆದರು. ಆಗ ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಬೆಂಕಿ ಹತ್ತಿತ್ತು. ಗುರುಗಳಿಗೆ ಅದು ಕೇಡುಗಾಲ. ಅದೇ ವರುಷ ಪ್ಯಾರಿಸಿನ ವಿದೇಶೀ ಧರ್ಮಪ್ರಚಾರ ಸಂಸ್ಥೆಯ ಸದಸ್ಯರಾಗಿ ಅವರು ಹಡಗು ಹತ್ತಿ ಪಾಂಡಿಚೇರಿಗೆ ಬಂದರು. ಮೊದಲ ಕೆಲವು ವರುಷಗಳು ತಮಿಳು ಸೀಮೆಯಲ್ಲಿ ಕಳೆದವು.

ಇಲ್ಲಿಗೆ ಬಂದ ಮೇಲೆ ಅವರು ಐರೋಪ್ಯರ ಸಹವಾಸವನ್ನು ಬಹುಮಟ್ಟಿಗೆ ತೊರೆದರು. ಈ ನೆಲದ ಜನರಂತೆ ಬಟ್ಟೆ ತೊಟ್ಟರು, ಅವರಂತೆ ಉಂಡರು. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಬರೆದ ಅವರ ಭಾವಚಿತ್ರವೊಂದು ಉಳಿದಿದೆ. ಅದರಲ್ಲಿರುವುದು ಬಿಳಿಯ ಉಡುಪು, ತಲೆಯ ಮೇಲೆ ಪೇಟ. ಊರ ಹಿರಿಯರೊಬ್ಬರು ಪಂಚಾಯಿತಿಗೆ ಹೊರಟಂತೆ ತೋರುತ್ತದೆಯೇ ಹೊರತು ಫ್ರಾನ್ಸಿನ ಗುರುವೆಂದು ತೋರುವುದಿಲ್ಲ. ಹೀಗೆ ಎಚ್ಚರದಿಂದ ನಡೆದುಕೊಂಡದ್ದರಿಂದಲೇ ಎಲ್ಲ ಜಾತಿಯ, ಎಲ್ಲ ಸ್ಥಿತಿಗತಿಯ ಜನರೂ ತಮ್ಮನ್ನು ಮನಸಾರೆ ಬರಮಾಡಿಕೊಂಡರೆಂದು ಅವರೇ ತಮ್ಮ ಗ್ರಂಥದ ಪೀಠಿಕೆಯಲ್ಲಿ ಬರೆದಿದ್ದಾರೆ. ಇದೊಂದು ಉಪಾಯ ಮಾತ್ರ ಎನ್ನುವವರುಂಟು. ಇದ್ದರೂ ಇರಬಹುದು. ಆದರೆ ಮೂವತ್ತು ವರುಷಗಳ ಕಾಲ ಒಂದು ಉಪಾಯವನ್ನು ಮೈಮೇಲೆ ಹೊತ್ತು, ಬಿಸಿಲಲ್ಲಿ ಮಳೆಯಲ್ಲಿ ಹಳ್ಳಿಹಳ್ಳಿ ಸುತ್ತುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲವೆಂದು ನಮಗೆ ತೋರುತ್ತದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. 1784ರಲ್ಲಿ ಕರಾವಳಿಯಿಂದ ಸೆರೆ ಹಿಡಿದು ತಂದಿದ್ದ ಸಾವಿರಾರು ಕ್ರೈಸ್ತರಲ್ಲಿ ಉಳಿದವರಿಗೆ ಬಿಡುಗಡೆಯಾಯಿತು. ಅನೇಕರು ಬಲವಂತಕ್ಕೆ ಸಿಕ್ಕಿ ಮತ ಬದಲಾಯಿಸಿದ್ದರು. ಚದುರಿ ಹೋಗಿದ್ದ ಮಂದೆಯನ್ನು ಮತ್ತೆ ಕೂಡಿಸಲು ದ್ಯುಬುವಾ ಸ್ವಾಮಿಯವರು ಮೈಸೂರು ಸೀಮೆಗೆ ಬಂದರು. ಮನೆಯಿಲ್ಲ, ಹೊಲವಿಲ್ಲ, ತಲೆಯೆತ್ತಿ ನಡೆಯಲು ಮೊಗವಿಲ್ಲ ಎಂಬಂತಿದ್ದ ಜನರು ಅವರಿಗೆ ದೊರೆತ ಮಂದೆ. ಅಂಥವರಿಗೆ ಪ್ರಸಂಗ ಮಾಡಿ, ಪಾಪನಿವೇದನೆ ಕೇಳಿ ಕಳುಹಿಸಿದ್ದರೆ ಕಾಗದದ ಮೇಲೆ ಕರ್ತವ್ಯ ಮುಗಿದಂತೆಯೇ. ಸ್ವಾಮಿಯವರು ಅಷ್ಟಕ್ಕೇ ನಿಲ್ಲದೆ ಬೇಸಾಯದ ವಸಾಹತುಗಳನ್ನು ಏರ್ಪಡಿಸಿದರು. ಸಾತಳ್ಳಿ ಅವುಗಳಲ್ಲಿ ಹೆಸರಾದದ್ದು. ಭಿಕ್ಷೆ ಪಡೆಯುವವನಿಗೂ ತನ್ನ ಹೊಲದ ಬದುವಿನ ಮೇಲೆ ನಿಂತವನಿಗೂ ಇರುವ ಅಂತರವನ್ನು ನಮ್ಮ ರೈತಾಪಿ ವಿಶ್ವಾಸಿಗಳಿಗೆ ನಾವು ವಿವರಿಸಬೇಕಾಗಿಲ್ಲ.

ಇನ್ನು ಸಿಡುಬಿನ ವಿಷಯ. ಇಂದಿನ ಮಕ್ಕಳಿಗೆ ಈ ರೋಗದ ಹೆಸರೂ ಗೊತ್ತಿಲ್ಲ; 1980ರಲ್ಲಿ ಅದು ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆದರೆ ನಮ್ಮ ವಯಸ್ಸಿನವರ ತೋಳಿನ ಮೇಲೆ ದೇವಿ ಹಾಕಿದ ಗುರುತು ಇನ್ನೂ ಉಂಟು. ಇಂಗ್ಲೆಂಡಿನ ಜೆನ್ನರ್ ಎಂಬ ವೈದ್ಯ ಈ ಉಪಾಯವನ್ನು ಪ್ರಯೋಗಿಸಿದ್ದು 1796ರಲ್ಲಿ. ಅದು ಭಾರತಕ್ಕೆ ಬಂದದ್ದು 1802ರಲ್ಲಿ. ಮರು ವರುಷವೇ ಸ್ವಾಮಿಯವರು ಮೈಸೂರು ಸೀಮೆಯಲ್ಲಿ ಆ ಕೆಲಸಕ್ಕೆ ಕೈಹಾಕಿದರು. ಕೆಲವೇ ತಿಂಗಳುಗಳಲ್ಲಿ 25,000ಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದರೆಂದು ಲೆಕ್ಕವಿದೆ.

ಆ ಕಾಲದಲ್ಲಿ ಇದು ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿದರೆ ಈ ಸಂಖ್ಯೆಯ ಬೆಲೆ ಅರಿವಾದೀತು. ಶೀಷೆಯಲ್ಲಿ ಔಷಧಿ ಬರುತ್ತಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯಿಂದ ರಸ ತೆಗೆದು ಮತ್ತೊಂದು ಮಗುವಿನ ತೋಳನ್ನು ಗೀರಿ ಹಚ್ಚಬೇಕು. ಕೆಲವು ದಿನಗಳ ನಂತರ ಆ ಮಗುವಿನಿಂದ ಇನ್ನೊಂದಕ್ಕೆ. ಸರಪಳಿ ಕಡಿದರೆ ಕೆಲಸವೂ ನಿಂತಂತೆ. ಯಾರ ಮಗುವಿನ ರಸ ಯಾರ ಮಗುವಿಗೆ? ನೀರು ಮುಟ್ಟಿಸಿಕೊಳ್ಳದ ಜನ ಇದಕ್ಕೆ ತೋಳು ಚಾಚುವುದುಂಟೇ? ಸಿಡುಬನ್ನು ಅಮ್ಮನೆಂದು ಪೂಜಿಸುತ್ತಿದ್ದ ತಾಯಂದಿರ ಭಯವೂ ಸಣ್ಣದಲ್ಲ. ಹುಕುಂ ಹೊರಡಿಸಿದರೆ ಜನ ಮಕ್ಕಳನ್ನು ಅಟ್ಟದ ಮೇಲೆ ಬಚ್ಚಿಡುತ್ತಿದ್ದರು. ಅವರ ಹಜಾರದಲ್ಲಿ ಕೂತು, ಅವರ ಮಾತಿನಲ್ಲಿ ಮಾತನಾಡಿ, ಅವರ ಆಚಾರವನ್ನು ಹೀಯಾಳಿಸದೆ ಇದ್ದವರ ಮಾತಿಗೆ ಮಾತ್ರ ತಾಯಿ ಮಗುವನ್ನು ಮುಂದೆ ತಂದಾಳು. ತೊಟ್ಟ ಬಟ್ಟೆಯೂ ಉಂಡ ಊಟವೂ ಇಲ್ಲಿ ಫಲ ಕೊಟ್ಟವೆಂದು ನಮ್ಮ ನಂಬಿಕೆ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಸಂಚಿಕೆಗೆ ಒಪ್ಪುವ ಲೇಖನವಾಗುತ್ತಿತ್ತು. ಆದರೆ ಸ್ವಾಮಿಯವರ ಲೇಖನಿಯ ಮಾತನ್ನು ಬಿಡಲಾಗದು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಎರಡು ಸಾವಿರ ವರಹ ಕೊಟ್ಟು ಕೊಂಡಿತು. ಇಂಗ್ಲಿಷ್ ಅನುವಾದ 1816ರಲ್ಲಿ ಅಚ್ಚಾಯಿತು. ಅದರಿಂದ ಅವರ ಕೀರ್ತಿ ಜಗತ್ತಿಗೆ ಹರಡಿತು. ಅದರ ಬಹುಭಾಗಕ್ಕೆ ಯೇಸುಸಭೆಯ ಗುರು ಕೆರ್ದೂ ಅವರ ಹಿಂದಿನ ಬರಹವೇ ಆಧಾರವೆಂದು ಫ್ರೆಂಚ್ ವಿದುಷಿಯೊಬ್ಬರು 1987ರಲ್ಲಿ ತೋರಿಸಿಕೊಟ್ಟರು. ದುಡಿದವರ ಹೆಸರನ್ನು ಹೇಳದೆ ಬಿಟ್ಟದ್ದು ನಮಗೆ ಸರಿ ಕಾಣುವುದಿಲ್ಲ. ಬ್ರಾಹ್ಮಣರಿಂದ ಹಿಡಿದು ಹೊಲಗೇರಿಯವರ ತನಕ ಯಾರನ್ನೂ ಬಿಡದೆ ಕಟುವಾಗಿ ನುಡಿದಿರುವ ಪುಟಗಳೂ ಆ ಗ್ರಂಥದಲ್ಲಿವೆ.

ಇದಕ್ಕಿಂತ ನಮ್ಮನ್ನು ನೋಯಿಸುವುದು 1823ರಲ್ಲಿ ಪ್ರಕಟವಾದ ಅವರ ಪತ್ರಗಳು. ಈ ದೇಶದಲ್ಲಿ ಕ್ರೈಸ್ತಧರ್ಮ ಬೇರೂರುವ ಆಸೆಯಿಲ್ಲವೆಂದು ಅಲ್ಲಿ ಅವರು ಬರೆದರು. ಇಷ್ಟು ವರುಷಗಳಲ್ಲಿ ತಾವು ಸೇರಿಸಿದವರು ಇನ್ನೂರು ಮುನ್ನೂರು ಮಂದಿ, ಅವರಲ್ಲಿ ಮೂರರಲ್ಲಿ ಎರಡು ಪಾಲು ಪಂಚಮರು ಇಲ್ಲವೆ ಭಿಕ್ಷುಕರು ಎಂದು ಸೋಲಿನ ಲೆಕ್ಕ ಒಪ್ಪಿಸಿದಂತೆ ಒಪ್ಪಿಸಿದರು. ಎದುರಿಗೆ ಬಂದವರನ್ನು ಆದರಿಸಿದ ಮನುಷ್ಯನೇ ದೂರದ ಓದುಗರಿಗೆ ಬರೆಯುವಾಗ ಅವರನ್ನು ಎಣಿಕೆಗೆ ಬಾರದವರೆಂದು ಬರೆದರು! ನಾವು ಈ ಸಾಲುಗಳನ್ನು ಓದುವಾಗ ನಮ್ಮ ಪೀಠದ ಮುಂದೆ ಭಾನುವಾರ ಕೂಡುವವರ ಮುಖಗಳು ಕಣ್ಣೆದುರು ಬರುತ್ತವೆ: ಶಿಡ್ಲಘಟ್ಟದ ಸೀಮೆಯಲ್ಲಿ ಬಿಸಿನೀರಿನಲ್ಲಿ ಕೈಯದ್ದಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವವರು, ಹಿಪ್ಪುನೇರಳೆ ಸೊಪ್ಪು ಕಡಿಯುವವರು, ಕೂಲಿಗೆ ಹೋಗುವವರು. ಧರ್ಮಸಭೆ ಈ ನಾಡಿನಲ್ಲಿ ನಿಂತಿರುವುದು ಸ್ವಾಮಿಯವರು ಸಂಕೋಚದಿಂದ ಎಣಿಸಿದ ಅಂಥ ಜನರ ಮೇಲೆಯೇ. ಅವರಲ್ಲಿ ಯಾರನ್ನೂ ಏಕವಚನದಲ್ಲಿ ಕೂಗದಿರಲು ನಮ್ಮ ಉಪದೇಶಿಗಳಿಗೂ ಧರ್ಮಕೇಂದ್ರದ ಸಮಿತಿಗೂ ನಾವು ಹೇಳುತ್ತ ಬಂದಿರುವುದಕ್ಕೆ ಈ ಪತ್ರಗಳೂ ಒಂದು ಕಾರಣ.

1823ರ ಜನವರಿಯಲ್ಲಿ ಕಂಪನಿಯ ಪಿಂಚಣಿ ಪಡೆದು ಸ್ವಾಮಿಯವರು ಭಾರತವನ್ನು ಬಿಟ್ಟರು. ಪ್ಯಾರಿಸಿನಲ್ಲಿ ತಮ್ಮ ಸಂಸ್ಥೆಯ ನಿರ್ದೇಶಕರಲ್ಲಿ ಒಬ್ಬರಾಗಿ, 1836ರಿಂದ 1839ರ ವರೆಗೆ ಅದರ ಮುಖ್ಯಸ್ಥರಾಗಿ ಸೇವೆ ಸಲ್ಲಿಸಿದರು. ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದು 1826ರಲ್ಲಿ ಪ್ರಕಟಿಸಿದರು. ಪ್ಯಾರಿಸಿನಲ್ಲಿದ್ದರೂ ನಮ್ಮ ನಾಡಿನ ಕರಟಕ ದಮನಕರು ಅವರನ್ನು ಬಿಡಲಿಲ್ಲವೆಂದು ಕಾಣುತ್ತದೆ. 1848ರ ಫೆಬ್ರವರಿ 17ರಂದು ಪ್ರಭುವಿನಲ್ಲಿ ನಿದ್ರಿಸಿದರು. ಅವರು ಎಣಿಸಿದ ಆ ಮುನ್ನೂರು ಜನರಲ್ಲಿ ಇಂಗ್ಲಿಷ್ ಓದಬಲ್ಲವರು ಯಾರಿದ್ದಾರು? ಪತ್ರಗಳ ಸುದ್ದಿ ಅವರಿಗೆ ತಲುಪಿದಂತಿಲ್ಲ. ತಮ್ಮೊಡನೆ ಉಂಡು, ತಮ್ಮಂತೆ ಉಟ್ಟು, ತಮ್ಮ ಮಕ್ಕಳ ತೋಳು ಹಿಡಿದಿದ್ದ ಮನುಷ್ಯನನ್ನು ಅವರು ಬಲ್ಲವರಾಗಿದ್ದರು; ದೊಡ್ಡ ಸ್ವಾಮಿಯವರೆಂಬ ಹೆಸರನ್ನು ಇಟ್ಟವರೂ ಅವರೇ.