ಮೊದಲು ಮನುಷ್ಯ, ಆಮೇಲೆ ಕಟ್ಟಡ

ಕೊಲಾಬಾದ ಕಡಲ ದಂಡೆಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅಪ್ಪಟ ಮುಂಬೈಯದು ಎಂದೇ ಇಲ್ಲಿನವರ ಲೆಕ್ಕ. ಅದು ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ, 1945ರ ಜೂನ್‌ನಲ್ಲಿ. ಅದೇ ವರ್ಷ, ನಮ್ಮ ನಿಮ್ಮ ಹಾಗೆ ಗಂಟುಮೂಟೆ ಕಟ್ಟಿಕೊಂಡು ಮುಂಬೈಗೆ ಬಂತು. ಪೆಡ್ಡರ್ ರಸ್ತೆಯ ಕೆನಿಲ್‌ವರ್ತ್ ಬಂಗಲೆಯಲ್ಲಿ ಮೊದಲ ಬಿಡಾರ.

ಅದನ್ನು ಕಟ್ಟಿದ ಹೋಮಿ ಜಹಾಂಗೀರ್ ಭಾಭಾ 1909ರ ಅಕ್ಟೋಬರ್ 30ರಂದು ಇದೇ ಊರಿನಲ್ಲಿ ಹುಟ್ಟಿದವರು. ಮಗ ಎಂಜಿನಿಯರ್ ಆಗಿ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಎಂದು ಮನೆಯವರು ಕೇಂಬ್ರಿಜ್‌ಗೆ ಕಳಿಸಿದರು. ಅವರು ಎಂಜಿನಿಯರಿಂಗನ್ನೂ ಮುಗಿಸಿ ಭೌತವಿಜ್ಞಾನಕ್ಕೆ ಹೊರಳಿದರು. 1939ರಲ್ಲಿ ರಜೆಗೆಂದು ಬಂದವರನ್ನು ಮಹಾಯುದ್ಧ ಇಲ್ಲೇ ಹಿಡಿದು ನಿಲ್ಲಿಸಿತು. ಸಿ.ವಿ. ರಾಮನ್ ಮುಖ್ಯಸ್ಥರಾಗಿದ್ದ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಭೌತವಿಜ್ಞಾನ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು.

ಭಾಭಾರ ಬಗ್ಗೆ ಓದಲು ನನಗೆ ಕಾರಣವೊಂದಿದೆ. ಚೆಂಬೂರಿನಲ್ಲಿ ನನ್ನ ಮನೆ, ಪವಾಯಿಯಲ್ಲಿ ಕೆಲಸ, ಕೈಕೆಳಗೆ ಹನ್ನೊಂದು ಜನ. ಬುದ್ಧಿವಂತರೇ. ಆದರೂ ಯಾವ ಪಂಪ್ ತರಿಸಬೇಕು ಎಂಬುದರಿಂದ ಹಿಡಿದು ಈ-ಮೇಲ್‌ಗೆ ಏನು ಉತ್ತರ ಬರೆಯಬೇಕು ಎಂಬತನಕ ನನ್ನ ಮೇಜಿಗೇ ಬರುತ್ತಾರೆ. ಹೇಳಿಬಿಟ್ಟರೆ ಎರಡು ನಿಮಿಷದ ಕೆಲಸ. ಹೇಳದೆ ಕಲಿಸಿದರೆ ಎರಡು ದಿನ, ಎಡವಟ್ಟಾದರೆ ಬೈಗುಳ ನನಗೆ. ತಂಡ ನಡೆಸುವವರಿಗೆಲ್ಲ ಈ ಸಂಕಟ ಗೊತ್ತಿರುತ್ತದೆ.

ಭಾಭಾರ ಕ್ರಮ ತಲೆಕೆಳಗಿನದು. ಮೊದಲು ವಿಭಾಗ, ಹುದ್ದೆ, ಕಟ್ಟಡ ಮಾಡಿಟ್ಟು ಆಮೇಲೆ ಆಳು ಹುಡುಕುವುದಲ್ಲ. ಸಮರ್ಥನೊಬ್ಬ ಸಿಕ್ಕರೆ ಅವನ ಸುತ್ತ ವಿಭಾಗ ಬೆಳೆಯಲಿ ಎಂಬುದು ಅವರ ನಂಬಿಕೆ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1948ರಲ್ಲಿ ಸಂಸ್ಥೆಗೆ ಬಂದಾಗ ಇನ್ನೂ ಎಳೆಯ ಹುಡುಗ. ವಿಶ್ವಕಿರಣಗಳು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆ ಎಂದು ಅಳೆಯಲು ಅವರನ್ನು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಗಣಿಯ ತಳದಲ್ಲಿ ನಿಂತು ಮುಂಬೈಯನ್ನು ಕೇಳಿ ಕೇಳಿ ಮಾಡುವಂಥ ಕೆಲಸವೇ ಅದು? ಅದೇ ಗಣಿಯಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು.

ಟ್ರಾಂಬೆಯಲ್ಲೂ ಹಾಗೆಯೇ. ಅಪ್ಸರಾ ರಿಯಾಕ್ಟರಿಗೆ ಇಂಧನ ಬ್ರಿಟನ್ನಿನಿಂದ ಬಂತು, ಉಳಿದದ್ದನ್ನು ಇಲ್ಲಿನ ಎಂಜಿನಿಯರುಗಳೇ ಕಟ್ಟಿದರು. ನಿಯಂತ್ರಣ ವ್ಯವಸ್ಥೆ ಎ.ಎಸ್. ರಾವ್ ಅವರ ಎಲೆಕ್ಟ್ರಾನಿಕ್ಸ್ ತಂಡದ್ದು. ಅಂಥದ್ದನ್ನು ಮೊದಲು ಮಾಡಿದವರು ಅವರಲ್ಲಿ ಯಾರೂ ಇರಲಿಲ್ಲ. ಏಷ್ಯಾದ ಆ ಮೊದಲ ರಿಯಾಕ್ಟರ್ 1956ರ ಆಗಸ್ಟ್ 4ರಂದು ಚಾಲೂ ಆದಾಗ, ಆ ಕೆಲಸದಲ್ಲಿದ್ದ ತುಮಕೂರಿನ ರಾಜಾ ರಾಮಣ್ಣನವರಿಗೆ 31 ವರ್ಷ.

ನನಗೆ ಬಹಳ ಹಿಡಿಸಿದ್ದು ಗೋವಿಂದ ಸ್ವರೂಪರ ಕತೆ. ವಿದೇಶದಲ್ಲಿದ್ದ ನಾಲ್ವರು ಯುವ ಖಗೋಳ ವಿಜ್ಞಾನಿಗಳು, ತಾವು ಊರಿಗೆ ಮರಳಿ ರೇಡಿಯೊ ಖಗೋಳ ಅಧ್ಯಯನ ಶುರು ಮಾಡುತ್ತೇವೆಂದು 1961ರಲ್ಲಿ ಪತ್ರ ಬರೆದರು. ಭಾಭಾ ತಂತಿ ಕಳಿಸಿ ಒಪ್ಪಿಬಿಟ್ಟರು. 1963ರಲ್ಲಿ ಬಂದ ಸ್ವರೂಪರ ಬಳಿ ತಂಡವೆಂಬುದೇ ಇರಲಿಲ್ಲ. ಹೊಸ ಹುಡುಗರನ್ನು ಕಟ್ಟಿಕೊಂಡು, ಆಸ್ಟ್ರೇಲಿಯದಿಂದ ಬಂದಿದ್ದ 32 ಹಳೆಯ ಡಿಶ್‌ಗಳನ್ನು 1965ರಲ್ಲಿ ಕಲ್ಯಾಣದ ಬಳಿ ನಿಲ್ಲಿಸಿ ಸೂರ್ಯನ ಕಡೆ ತಿರುಗಿಸಿದರು. ಕಲ್ಯಾಣ್ ಲೋಕಲ್‌ನಲ್ಲಿ ಜೋತಾಡುವ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಭಾಭಾ ಎಲ್ಲವನ್ನೂ ಬಿಟ್ಟುಕೊಟ್ಟವರು ಎಂದರೆ ಸುಳ್ಳಾಗುತ್ತದೆ. ಸಂಸ್ಥೆಯ ನಿರ್ದೇಶಕ, ಅಣುಶಕ್ತಿ ಆಯೋಗದ ಅಧ್ಯಕ್ಷ, ಸರ್ಕಾರದ ಕಾರ್ಯದರ್ಶಿ, ಮೂರೂ ಕುರ್ಚಿ ಅವರವೇ. ತೋಟದ ಮರ, ಗೋಡೆಯ ಚಿತ್ರ ಕೂಡ ಅವರ ಕಣ್ಣು ತಪ್ಪಿಸುವಂತಿರಲಿಲ್ಲ. ಚಿತ್ರದ ವಿಷಯದಲ್ಲಿ ಹಟ, ಪ್ರಯೋಗದ ವಿಷಯದಲ್ಲಿ ಸಡಿಲು! ನಾವು ಮ್ಯಾನೇಜರುಗಳು ಇದನ್ನು ಉಲ್ಟಾ ಮಾಡುತ್ತೇವೆ ಎಂದು ನನ್ನ ಅನುಮಾನ. ಕಳೆದ ತಿಂಗಳಿಂದ ನಮ್ಮ ತಂಡದ ಧಾರವಾಡದ ಹುಡುಗಿಗೆ ಒಂದು ಇಡೀ ಸೈಟಿನ ಖರೀದಿ ಒಪ್ಪಿಸಿದ್ದೇನೆ. ತಿಂಗಳಿಗೊಮ್ಮೆ ಲೆಕ್ಕ ತೋರಿಸಿದರೆ ಸಾಕು. ಫಲ ಇನ್ನೂ ಗೊತ್ತಿಲ್ಲ. ಫೋನ್ ಮುಟ್ಟದೆ ಕೂರುವುದೇ ನನಗೆ ದೊಡ್ಡ ಕೆಲಸವಾಗಿದೆ.

1966ರ ಜನವರಿ 24ರಂದು ಭಾಭಾ ಇದ್ದ ಏರ್ ಇಂಡಿಯಾ ವಿಮಾನ ಆಲ್ಪ್ಸ್‌ನ ಮಾಂಟ್ ಬ್ಲಾಂಕ್‌ಗೆ ಅಪ್ಪಳಿಸಿತು. ಅವರಿಗೆ 56 ವರ್ಷ. ಮೂರೂ ಕುರ್ಚಿ ಒಂದೇ ದಿನ ಖಾಲಿ. ಆಯೋಗಕ್ಕೆ ವಿಕ್ರಮ್ ಸಾರಾಭಾಯಿ ಬಂದರು. ಟ್ರಾಂಬೆಯನ್ನು ಹೋಮಿ ಸೇಠ್ನಾ ವಹಿಸಿಕೊಂಡರು. ಕೊಲಾಬಾದ ಸಂಸ್ಥೆ ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್ ಅವರ ಹೆಗಲಿಗೆ ಬಿತ್ತು, ಅವರಿಗೆ ಇನ್ನೂ ನಲವತ್ತೂ ತುಂಬಿರಲಿಲ್ಲ. ಕೋಲಾರದ ಪ್ರಯೋಗಗಳು ನಡೆದೇ ಇದ್ದವು. ಸ್ವರೂಪರ ತಂಡ ಊಟಿಯ ಇಳಿಜಾರಿನಲ್ಲಿ 530 ಮೀಟರ್ ಉದ್ದದ ರೇಡಿಯೊ ದೂರದರ್ಶಕವನ್ನು 1970ರಲ್ಲಿ ಕಟ್ಟಿ ಮುಗಿಸಿತು. ಗಣಿಗೆ ಇಳಿದಿದ್ದ ಶ್ರೀಕಂಠನ್ 1975ರಲ್ಲಿ ಅದೇ ಸಂಸ್ಥೆಯ ನಿರ್ದೇಶಕರಾದರು.