ಮಂಜುಗಡ್ಡೆಯೊಳಗೆ ಮೂರು ವರ್ಷ: ಫ್ರಿಟ್ಯೋಫ್ ನಾನ್ಸೆನ್

ನೀರು ತುಂಬಿದ ಗಾಜಿನ ಬಾಟಲಿನ ಫ್ರೀಜರ್‌ನಲ್ಲಿಟ್ಟು ಮರೆತರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ನೀರು ಹೆಪ್ಪುಗಟ್ಟುವಾಗ ಸುಮಾರು 9% ಹಿಗ್ಗುತ್ತೆ, ಬಾಟಲಿ ಒಡೆದುಹೋಗುತ್ತೆ. ಬಾಟಲಿಯ ಜಾಗದಲ್ಲಿ ಹಡಗಿನ ಬಾಯ್ಲರ್, ಪೈಪು, ಸಿಲಿಂಡರ್ ಇದ್ದರೂ ಕಥೆ ಅದೇ. ಹೀಗಿರುವಾಗ ಒಂದು ಹಡಗನ್ನ ಬೇಕಂತಲೇ ಮಂಜುಗಡ್ಡೆಯಲ್ಲಿ ಸಿಕ್ಕಿಸಿ, ಸುಮಾರು ಮೂರು ವರ್ಷ ಆದಮೇಲೆ ಅದೇ ಎಂಜಿನ್ ಚಾಲೂ ಮಾಡಿಕೊಂಡು ವಾಪಸ್ ಬರುವ ಪ್ಲಾನ್ ಹಾಕಿದವರು ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್.

ನಾನ್ಸೆನ್ ಹುಟ್ಟಿದ್ದು 1861ರ ಅಕ್ಟೋಬರ್ 10ರಂದು, ಕ್ರಿಸ್ಟಿಯಾನಿಯಾ ಊರಿನ ಪಕ್ಕದಲ್ಲಿ. ಅದೇ ಇವತ್ತಿನ ಓಸ್ಲೋ. ಚಿಕ್ಕಂದಿನಿಂದಲೇ ಸ್ಕೀಯಿಂಗ್ ಹುಚ್ಚು. ಓದಿದ್ದು ಪ್ರಾಣಿಶಾಸ್ತ್ರ, ಡಾಕ್ಟರೇಟ್ ಪಡೆದಿದ್ದು ನರಮಂಡಲದ ಮೇಲೆ. 1888ರಲ್ಲಿ ಐದು ಜನರನ್ನ ಕರ್ಕೊಂಡು ಗ್ರೀನ್‌ಲ್ಯಾಂಡನ್ನ ಪೂರ್ವದಿಂದ ಪಶ್ಚಿಮಕ್ಕೆ ಸ್ಕೀ ಮೇಲೆ ದಾಟಿದರು. ಜನವಸತಿ ಇರೋದು ಪಶ್ಚಿಮ ತೀರದಲ್ಲಿ. ಪೂರ್ವದಿಂದ ಹೊರಟರೆ ಹಿಂದೆ ತಿರುಗುವ ಮಾತೇ ಇಲ್ಲ, ಅದಕ್ಕೇ ಆ ದಾರಿ ಹಿಡಿದರು.

ಅವರ ತಲೆಯಲ್ಲಿ ಇನ್ನೊಂದು ವಿಷಯ ಕೊರೀತಾ ಇತ್ತು. 1881ರಲ್ಲಿ ಅಮೆರಿಕದ ಜೆನೆಟ್ ಅನ್ನೋ ಹಡಗು ಸೈಬೀರಿಯಾದ ಉತ್ತರಕ್ಕೆ ಮಂಜುಗಡ್ಡೆಯ ಒತ್ತಡಕ್ಕೆ ಸಿಕ್ಕಿ ನುಚ್ಚುನೂರಾಗಿತ್ತು. ಮೂರು ವರ್ಷದ ನಂತರ ಅದರ ಸಾಮಾನುಗಳು ಗ್ರೀನ್‌ಲ್ಯಾಂಡ್ ತೀರದಲ್ಲಿ ಸಿಕ್ಕವು. ಅಂದರೆ ಮಂಜುಗಡ್ಡೆ ಆ ಕಡೆಯಿಂದ ಈ ಕಡೆಗೆ ಹರೀತಾ ಇದೆ! ಹಾಗಾದರೆ ಒಡೆಯದ ಹಡಗೊಂದನ್ನ ಅದರಲ್ಲಿ ಸಿಕ್ಕಿಸಿದರೆ ಅದು ಧ್ರುವದ ಹತ್ತಿರ ಹಾದು ಹೊರಗೆ ಬರಬೇಕಲ್ಲ? ಅನುಭವಿ ನಾವಿಕರಲ್ಲಿ ಹಲವರು ಇದನ್ನ ಆತ್ಮಹತ್ಯೆ ಅಂತಲೇ ಭಾವಿಸಿದರು.

ಹಡಗು ಕಟ್ಟುವ ಕೆಲಸ ಕಾಲಿನ್ ಆರ್ಚರ್ ಅವರದ್ದು. ಹೆಸರು ಫ್ರಾಮ್, ಅಂದರೆ ಮುಂದಕ್ಕೆ. ಅದರ ತಳ ದುಂಡಗೆ. ಎರಡೂ ಕಡೆಯಿಂದ ಮಂಜುಗಡ್ಡೆ ಒತ್ತಿದರೆ ಹಡಗು ಎದುರು ನಿಲ್ಲಲ್ಲ, ಜಾರಿ ಮೇಲಕ್ಕೆ ಏಳುತ್ತೆ. ಚುಕ್ಕಾಣಿ, ಪ್ರೊಪೆಲರ್ ಎರಡನ್ನೂ ಹಡಗಿನೊಳಗೇ ಮೇಲಕ್ಕೆ ಎಳೆದುಕೊಳ್ಳೋಕೆ ಬಾವಿಯಂಥ ಜಾಗ. ಗೋಡೆಗಳಲ್ಲಿ ಫೆಲ್ಟ್, ಕಾರ್ಕ್, ಹಿಮಸಾರಂಗದ ಕೂದಲು, ಲಿನೋಲಿಯಂ ಪದರಗಳು. ಎಂಜಿನ್ 220 ಅಶ್ವಶಕ್ತಿಯ ಟ್ರಿಪಲ್ ಎಕ್ಸ್‌ಪಾನ್ಷನ್ ಸ್ಟೀಮ್ ಎಂಜಿನ್. ಮೂರು ಸಿಲಿಂಡರ್‌ಗಳಲ್ಲಿ ಒಂದು ಕೆಟ್ಟರೂ ಉಳಿದವುಗಳಿಂದ ಓಡಿಸುವ ಹಾಗೆ ಪೈಪ್ ಜೋಡಣೆ ಮಾಡಿದ್ದರು.

1893ರ ಜೂನ್‌ನಲ್ಲಿ ಹೊರಟ ಫ್ರಾಮ್ ಸೆಪ್ಟೆಂಬರ್ ಕೊನೆಯಲ್ಲಿ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತು. ಹಡಗಿನಲ್ಲಿ 13 ಜನ. ಮುಂದೆ ಬರುವ ಚಳಿ ಎಂಥದ್ದು ಅಂದ್ರೆ ಥರ್ಮಾಮೀಟರಿನ ಪಾದರಸವೇ ಗಟ್ಟಿಯಾಗುವಷ್ಟು, ಅಂದರೆ ಮೈನಸ್ 39 ಡಿಗ್ರಿಗಿಂತ ಕೆಳಗೆ. ಸದಾ ಬೆಂಕಿ ಹಾಕಿ ಎಂಜಿನ್ ಬೆಚ್ಚಗಿಡೋಣ ಅಂದ್ರೆ ಕಲ್ಲಿದ್ದಲು ಎಷ್ಟು ದಿನಕ್ಕೆ ಸಾಕು? ಅದಕ್ಕೆ ಉಲ್ಟಾ ದಾರಿ ಹಿಡಿದರು. ಎಂಜಿನ್ನನ್ನ ಪೂರ್ತಿ ಬಿಚ್ಚಿದರು. ವಾಲ್ವ್, ಪಿಸ್ಟನ್, ಶಾಫ್ಟ್ ಒಂದೊಂದನ್ನೂ ಪರೀಕ್ಷಿಸಿ, ಒರೆಸಿ, ಎಣ್ಣೆ ಹಚ್ಚಿ ಎತ್ತಿಟ್ಟರು. ಲಾಜಿಕ್ ಸಿಂಪಲ್: ಒಳಗೆ ನೀರೇ ಇಲ್ಲದಿದ್ದರೆ ಹಿಗ್ಗೋದು ಯಾವುದು? ಎಣ್ಣೆಯ ಪದರ ಇದ್ದರೆ ತುಕ್ಕು ಹಿಡಿಯೋದಾದ್ರೂ ಹೇಗೆ? ಈ ಕೆಲಸ ಮಾಡಿದವರು ಮುಖ್ಯ ಎಂಜಿನಿಯರ್ ಆಂಟನ್ ಅಮುಂಡ್ಸೆನ್. ದಕ್ಷಿಣ ಧ್ರುವದ ರೋಲ್ಡ್ ಅಮುಂಡ್ಸೆನ್ ಬೇರೆ, ಇವರು ಬೇರೆ. ಹೆತ್ತ ಮಗುವಿನ ಹಾಗೆ ಎಂಜಿನ್ ನೋಡಿಕೊಂಡರು ಅಂತ ನಾನ್ಸೆನ್ ನೆನಪಿಸಿಕೊಂಡಿದ್ದಾರೆ. ಕರೆಂಟ್‌ಗೆ ಡೆಕ್ ಮೇಲೆ ಗಾಳಿಯಂತ್ರ, ಅದಕ್ಕೊಂದು ಡೈನಮೋ.

1895ರ ಜನವರಿಯಲ್ಲಿ ಮಂಜುಗಡ್ಡೆಯ ಗುಡ್ಡವೇ ಹಡಗಿನ ಪಕ್ಕಕ್ಕೆ ಏರಿ ಬಂತು. ಎಲ್ಲರೂ ಹಡಗು ಬಿಡೋಕೆ ಸಿದ್ಧರಾದರು. ಆದರೆ ಫ್ರಾಮ್ ಲೆಕ್ಕ ಹಾಕಿದ ಹಾಗೇ ಮೇಲಕ್ಕೆ ಎದ್ದು ಬಿಡಿಸಿಕೊಂಡಿತು.

ಹಡಗು ಧ್ರುವದ ಮೇಲೇ ಹಾದುಹೋಗಲ್ಲ ಅಂತ ಗೊತ್ತಾದಾಗ ನಾನ್ಸೆನ್ ಅದನ್ನ ಒಟ್ಟೊ ಸ್ವೆರ್‌ಡ್ರುಪ್ ಕೈಗೆ ಒಪ್ಪಿಸಿದರು. 1895ರ ಮಾರ್ಚ್ 14ರಂದು ಯಾಲ್ಮಾರ್ ಯೊಹಾನ್ಸೆನ್ ಜೊತೆ ನಾಯಿ, ಸ್ಲೆಡ್ಜ್, ಕಯಾಕ್ ತಗೊಂಡು ಉತ್ತರಕ್ಕೆ ಹೊರಟರು. 86 ಡಿಗ್ರಿ ಅಕ್ಷಾಂಶ ದಾಟಿದರು, ಅಲ್ಲಿವರೆಗೆ ಯಾರೂ ಅಷ್ಟು ಉತ್ತರಕ್ಕೆ ಹೋಗಿರಲಿಲ್ಲ. ಧ್ರುವ ಮಾತ್ರ ಸಿಗಲಿಲ್ಲ. ವಾಪಸ್ ಬರುವಾಗ ಒಂದು ಇಡೀ ಚಳಿಗಾಲ ಫ್ರಾನ್ಜ್ ಜೋಸೆಫ್ ದ್ವೀಪಗಳಲ್ಲಿ ಕಲ್ಲು, ವಾಲ್ರಸ್ ಚರ್ಮದ ಗುಡಿಸಲಲ್ಲಿ ಕಳೆದರು.

ಇತ್ತ ಹಡಗಿನಲ್ಲಿ 1896ರಲ್ಲಿ ಎಂಜಿನ್ ಮತ್ತೆ ಜೋಡಿಸಿ ಉಗಿ ಎಬ್ಬಿಸಿದರು. ಎಂಜಿನ್ ತಿರುಗಿತು! ಸಿಡಿಮದ್ದಿನಿಂದ ಮಂಜು ಒಡೆಯುತ್ತಾ, ಸಂದಿ ಸಿಕ್ಕಲ್ಲೆಲ್ಲ ನುಗ್ಗುತ್ತಾ, ಆಗಸ್ಟ್ 13ರಂದು ಫ್ರಾಮ್ ತೆರೆದ ಸಮುದ್ರಕ್ಕೆ ಬಂತು. ಅದೇ ದಿನ ನಾನ್ಸೆನ್, ಯೊಹಾನ್ಸೆನ್ ನಾರ್ವೆಯ ವಾರ್ಡೋ ಬಂದರಿಗೆ ಇಳಿದರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತೇ ಇರಲಿಲ್ಲ! 13 ಜನರಲ್ಲಿ ಒಬ್ಬರೂ ಸಾಯಲಿಲ್ಲ.

ಮುಂದೆ ನಾನ್ಸೆನ್ ಸಾಗರ ವಿಜ್ಞಾನಿಯಾದರು, ರಾಯಭಾರಿಯಾದರು. ಮೊದಲ ಮಹಾಯುದ್ಧದ ನಂತರ 4 ಲಕ್ಷಕ್ಕೂ ಹೆಚ್ಚು ಯುದ್ಧಕೈದಿಗಳನ್ನ ಮನೆಗೆ ತಲುಪಿಸಿದರು. ದೇಶವೇ ಇಲ್ಲದವರಿಗೆ ನಾನ್ಸೆನ್ ಪಾಸ್‌ಪೋರ್ಟ್ ಬಂದಿದ್ದು ಅವರಿಂದ. 1922ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 1930ರ ಮೇ 13ರಂದು ತೀರಿಕೊಂಡರು. ಫ್ರಾಮ್ ಇವತ್ತಿಗೂ ಓಸ್ಲೋದ ಮ್ಯೂಸಿಯಂನಲ್ಲಿದೆ.

ಎಂಜಿನ್ ಓಡಿಸೋದನ್ನ ನಾವೆಲ್ಲ ಕಲೀತೀವಿ. ಸರಿಯಾದ ಹೊತ್ತಿಗೆ ನಿಲ್ಲಿಸಿ, ನೀರು ಖಾಲಿ ಮಾಡಿ, ಬಿಚ್ಚಿ ಎಣ್ಣೆ ಹಚ್ಚಿಡೋದೂ ಎಂಜಿನಿಯರಿಂಗೇ. 1893ರಲ್ಲಿ ಹಾಗೆ ಎತ್ತಿಟ್ಟಿದ್ದಕ್ಕೇ 1896ರಲ್ಲಿ ಅವರು ಮನೆ ಸೇರಿದ್ದು.