ಬಾಲಚಿತ್ರಕಲೆಯ ಆಚಾರ್ಯೆ ಕುಮಾರಿ ಮೇರಿಯನ್ ರಿಚರ್ಡ್‌ಸನ್

ತಾನು ಬಲ್ಲುದನ್ನು ಶಿಷ್ಯನಲ್ಲಿ ತುಂಬುವುದು ಅಧ್ಯಾಪನದ ಒಂದು ಬಗೆ. ಶಿಷ್ಯನಲ್ಲಿ ಮೊದಲೇ ಅಡಗಿರುವುದನ್ನು ಹೊರತೋರುವಂತೆ ಮಾಡುವುದು ಮತ್ತೊಂದು ಬಗೆ. ಎರಡನೆಯದು ಕಷ್ಟತರವಾದುದು. ಚಿತ್ರವಿದ್ಯೆಯಲ್ಲಿ ಈ ಎರಡನೆಯ ಮಾರ್ಗವನ್ನು ಹಿಡಿದು ನಡೆದ ಆಂಗ್ಲ ವಿದುಷಿಯೊಬ್ಬರ ಚರಿತ್ರವನ್ನು ವಾಚಕ ಮಹಾಶಯರು ಸಾವಧಾನಚಿತ್ತದಿಂದ ಅವಲೋಕಿಸಬೇಕಾಗಿ ವಿಜ್ಞಾಪನೆ.

ಕುಮಾರಿ ಮೇರಿಯನ್ ರಿಚರ್ಡ್‌ಸನ್ನರು 1892ನೆಯ ಇಸವಿಯಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದ ಆ್ಯಶ್‌ಫರ್ಡಿನಲ್ಲಿ ಜನಿಸಿದರು. ಬರ್ಮಿಂಗ್‌ಹ್ಯಾಮಿನ ಕಲಾಶಾಲೆಯಲ್ಲಿ ಅವರಿಗೆ ಗುರುಗಳಾಗಿದ್ದವರು ರಾಬರ್ಟ್ ಕ್ಯಾಟರ್ಸನ್-ಸ್ಮಿತ್. ದೀಪಯಂತ್ರದಿಂದ ಒಂದು ಚಿತ್ರವನ್ನು ತೆರೆಯ ಮೇಲೆ ಸ್ವಲ್ಪ ಹೊತ್ತು ತೋರಿಸಿ, ಬಳಿಕ ಕಣ್ಣು ಮುಚ್ಚಿಸಿ, ಅದನ್ನು ನೆನಪಿನಿಂದಲೇ ಬರೆಯಿಸುವುದು ಆ ಗುರುಗಳ ಕ್ರಮವಾಗಿದ್ದಿತು. ಶಿಷ್ಯೆಯ ಮುಂದಣ ಕಾರ್ಯಕ್ಕೆಲ್ಲ ಇದೇ ಬೀಜ.

1912ರಲ್ಲಿ ಅವರು ಡಡ್ಲಿ ಎಂಬ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚಿತ್ರಕಲೆಯ ಉಪಾಧ್ಯಾಯಿನಿಯಾದರು. ಅದು ಕಲ್ಲಿದ್ದಲು, ಕಬ್ಬಿಣಗಳ ಹೊಗೆ ಕವಿದ ಊರು. ಮುಂದಿಟ್ಟ ಪಾತ್ರೆಯನ್ನೋ ಮಾದರಿಯ ಚಿತ್ರವನ್ನೋ ನೋಡಿ ತಪ್ಪಿಲ್ಲದೆ ನಕಲು ತೆಗೆಯುವುದೇ ಚಿತ್ರವಿದ್ಯೆಯೆಂದು ಆಗಿನ ಶಾಲೆಗಳಲ್ಲಿ ಸಾಮಾನ್ಯವಾಗಿ ಭಾವಿಸಿದ್ದರು. (ನಮ್ಮ ಶಾಲೆಗಳಲ್ಲಿಯೂ ಬಹುಕಾಲ ಹೀಗೆಯೇ ನಡೆಯಿತಲ್ಲವೆ!) ಕುಮಾರಿ ರಿಚರ್ಡ್‌ಸನ್ನರು ಮಾದರಿಗೆ ಬದಲಾಗಿ ಮಾತನ್ನು ಇಟ್ಟರು. ಬಾಲಿಕೆಯರು ಕಣ್ಣು ಮುಚ್ಚಿ ಕುಳಿತಿರಲು, ಯಾವುದೋ ಒಂದು ದೃಶ್ಯವನ್ನು ಮೆಲ್ಲನೆ ವರ್ಣಿಸುವರು. ಚಿತ್ರವು ಒಳಗೆ ತಿಳಿಯಾಗಿ ನಿಂತ ಮೇಲೆ ಕಣ್ದೆರೆದು ಬಣ್ಣವನ್ನು ಕೈಗೆತ್ತಿಕೊಳ್ಳಬೇಕು. ಒಮ್ಮೊಮ್ಮೆ ವರ್ಣನೆಯೂ ಇಲ್ಲ. ಮುಚ್ಚಿದ ಕಣ್ಣಿಗೆ ತಾನಾಗಿ ಏನು ಮೂಡಿತೋ ಅದನ್ನೇ ಬರೆಯುವುದು. ತಾನು ಬರೆದುದು ಒಳಗೆ ಕಂಡುದಕ್ಕೆ ನಿಜವಾಯಿತೇ ಎಂಬುದನ್ನು ಬರೆದವಳೇ ತೂಗಿ ನೋಡತಕ್ಕದ್ದು.

1917ರಲ್ಲಿ ಬೇರೊಂದು ಉದ್ಯೋಗದ ಸಂದರ್ಶನಕ್ಕಾಗಿ ಮಕ್ಕಳ ಚಿತ್ರಗಳನ್ನು ಕಟ್ಟಿಕೊಂಡು ಲಂಡನ್ನಿಗೆ ಹೋದರು. ಆ ಉದ್ಯೋಗ ದೊರೆಯಲಿಲ್ಲ. ಆದರೆ ಅದೇ ಪ್ರಯಾಣದಲ್ಲಿ, ಒಮೆಗಾ ಕಲಾಕಾರ್ಯಾಗಾರದಲ್ಲಿ ಏರ್ಪಟ್ಟಿದ್ದ ಬಾಲಚಿತ್ರಗಳ ಪ್ರದರ್ಶನಕ್ಕೆ ಹೋಗಿ, ಪ್ರಸಿದ್ಧ ಕಲಾವಿಮರ್ಶಕ ರೋಜರ್ ಫ್ರೈ ಅವರಿಗೆ ಆ ಕಟ್ಟನ್ನು ಬಿಚ್ಚಿ ತೋರಿಸಿದರು. ಫ್ರೈ ಅವರು ಬೆರಗಾಗಿ ಡಡ್ಲಿಯ ಬಾಲಿಕೆಯರ ಕೃತಿಗಳನ್ನು ಲೋಕಕ್ಕೆ ಪರಿಚಯಿಸಿದರು. ಕುಮಾರಿ ರಿಚರ್ಡ್‌ಸನ್ನರು ಬರ್ಮಿಂಗ್‌ಹ್ಯಾಮಿನ ಕಾರಾಗೃಹದ ಬಂದಿಗಳಿಗೂ ಚಿತ್ರವನ್ನು ಕಲಿಸಿದರೆಂಬುದು ಸ್ಮರಣೀಯ.

1924ರಿಂದ ಲಂಡನ್ನಿನ ಅಧ್ಯಾಪಕ ಶಿಕ್ಷಣ ವಿದ್ಯಾಲಯದಲ್ಲಿ ಭಾವೀ ಉಪಾಧ್ಯಾಯರನ್ನು ಸಿದ್ಧಗೊಳಿಸುವ ಭಾರವು ಅವರ ಪಾಲಿಗೆ ಬಂದಿತು. ನಮ್ಮ ಎಣಿಕೆಯಲ್ಲಿ ಇದೇ ಅವರ ಕಠಿಣ ಪರೀಕ್ಷೆ. ನಕಲನ್ನು ಬಿಡಿಸಿದ ಗುರುವಿನ ವಿಧಾನವನ್ನೇ ನಕಲು ಮಾಡುವ ಶಿಷ್ಯನು ಹುಟ್ಟಿದರೆ ಫಲವೇನು? ಅವರ ಮಾತುಗಳನ್ನು ಕಂಠಪಾಠ ಮಾಡಿ ಶಾಲೆಗೆ ತೆರಳಿದವನಿಂದ ಮಕ್ಕಳಿಗೆ ಹಳೆಯ ಮಾದರಿಗೆ ಬದಲು ಹೊಸದೊಂದು ಮಾದರಿ ದೊರೆತಂತಾಗುವುದೇ ಸರಿ. ಅವರ ಹಾದಿಯಲ್ಲಿ ನಡೆದ ಕೆಲವು ಶಾಲೆಗಳ ಚಿತ್ರಗಳೆಲ್ಲ ಒಂದೇ ಬಗೆಯಾಗಿ ಕಾಣುವುವೆಂದು ವಿಮರ್ಶಕರು ಆಕ್ಷೇಪಿಸಿದುದೂ ಉಂಟು. ಆ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ.

1930ರಲ್ಲಿ ಲಂಡನ್ ಕೌಂಟಿ ಕೌನ್ಸಿಲಿನ ಕಲಾಪರೀಕ್ಷಕರಾಗಿ ನಿಯಮಿತರಾದರು. 1935ರಲ್ಲಿ, ಅಕ್ಷರದ ಗೆರೆಗಳಿಂದಲೇ ಚಿತ್ತಾರಗಳನ್ನು ಹೆಣೆದು ಕೈಬರಹವನ್ನು ಕಲಿಸುವ ಪುಸ್ತಕಮಾಲೆಯನ್ನು ಪ್ರಕಟಿಸಿದರು. 1938ರಲ್ಲಿ ಕೌಂಟಿ ಹಾಲಿನಲ್ಲಿ ಲಂಡನ್ನಿನ ಶಾಲಾಬಾಲಕರ ಚಿತ್ರಗಳ ದೊಡ್ಡ ಪ್ರದರ್ಶನವು ನೆರವೇರಿತು. ಬಳಿಕ ಅನಾರೋಗ್ಯವು ಅವರನ್ನು ಉದ್ಯೋಗದಿಂದ ಬಿಡಿಸಿತು. 1946ರ ನವೆಂಬರಿನಲ್ಲಿ ಡಡ್ಲಿಯಲ್ಲಿಯೇ ದಿವಂಗತರಾದರು. ತಮ್ಮ ಅನುಭವವನ್ನೆಲ್ಲ ಬರೆದಿಟ್ಟ ಗ್ರಂಥವು 1948ರಲ್ಲಿ ಬೆಳಕು ಕಂಡಿತು; ಅದನ್ನು ಅಚ್ಚಿನಲ್ಲಿ ನೋಡುವ ಯೋಗವು ಅವರಿಗೆ ಒದಗಲಿಲ್ಲ.